ಜಾಲ ಉಸಿರುಗಟ್ಟಿದ ಆ ಅಕ್ಟೋಬರ್

ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇರುವುದು ಗುಡ್ಡದ ಬುಡದಲ್ಲಿ. ಗುಡ್ಡದ ಮೇಲಿರುವುದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. ನಡುವಿನ ದೂರ ಸುಮಾರು 400 ಗಜ. 1986ರ ಅಕ್ಟೋಬರ್ ತಿಂಗಳಲ್ಲಿ ಈ ಎರಡು ತಾಣಗಳ ಕಂಪ್ಯೂಟರುಗಳ ನಡುವೆ ಸೆಕೆಂಡಿಗೆ 32,000 ಬಿಟ್ ವೇಗದಲ್ಲಿ ಹರಿಯುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಇಳಿದುಬಿಟ್ಟಿತು. ಅಂದರೆ ಸೆಕೆಂಡಿಗೆ ನಾಲ್ಕು ಸಾವಿರ ಅಕ್ಷರ ಸಾಗಿಸುತ್ತಿದ್ದ ಸಂಪರ್ಕ ಬರೀ ಐದು ಅಕ್ಷರ ಸಾಗಿಸತೊಡಗಿತು. ಎರಡು ಸಾವಿರ ಅಕ್ಷರಗಳ ಒಂದು ಪುಟ ಅರ್ಧ ಸೆಕೆಂಡಿನಲ್ಲಿ ತಲುಪಬೇಕಾದದ್ದು ಆರೂವರೆ ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಆ ಪುಟವನ್ನು ಕಾಗದದಲ್ಲಿ ಮುದ್ರಿಸಿ, ಗುಡ್ಡ ಇಳಿದು ಕೈಯಾರೆ ಕೊಟ್ಟು ಬಂದಿದ್ದರೂ ಬೇಗ ಮುಟ್ಟುತ್ತಿತ್ತು.

ತಂತಿ ಎಲ್ಲೂ ತುಂಡಾಗಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಯಾವ ಕಿಡಿಗೇಡಿಯೂ ಒಳನುಗ್ಗಿರಲಿಲ್ಲ. ಪರೀಕ್ಷಿಸಿ ನೋಡಿದರೆ ತಂತಿಗಳು ಖಾಲಿ ಇರುವುದಿರಲಿ, ಭರ್ತಿ ತುಂಬಿ ಹರಿಯುತ್ತಿದ್ದವು. ಸೋಜಿಗವೆಂದರೆ ಹಾಗೆ ಹರಿಯುತ್ತಿದ್ದುದರಲ್ಲಿ ಬಹುಪಾಲು, ಒಮ್ಮೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿದ ನಕಲು. ಜಾಲ ದುಡಿಯುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಈ ಸ್ಥಿತಿಗೆ ತಂತ್ರಜ್ಞರು ‘ದಟ್ಟಣೆಯ ಕುಸಿತ’ ಎಂಬ ಅರ್ಥದ ಹೆಸರು ಕೊಟ್ಟರು. ಆ ತಿಂಗಳು ಆರಂಭವಾದ ಕುಸಿತಗಳ ಸರಣಿ ಇಂಟರ್ನೆಟ್ಟಿನ ಬೇರೆ ಬೇರೆ ಭಾಗಗಳಲ್ಲಿ ಮರುಕಳಿಸುತ್ತಲೇ ಹೋಯಿತು.

ಇದು ಯಾಕೆ ಆಯಿತು ಎನ್ನುವುದು ತಿಳಿಯಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ದೂರವಾಣಿಯ ಪದ್ಧತಿ ಬೇರೆ. ಹಿಂದೆ ಊರಿನಿಂದೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದವರಿಗೆ ಅದು ಚೆನ್ನಾಗಿ ಗೊತ್ತು. ಮಾತು ಆರಂಭವಾಗುವ ಮೊದಲೇ ಇಡೀ ದಾರಿಯನ್ನು ಇಬ್ಬರಿಗಾಗಿ ಕಾದಿರಿಸಬೇಕು. ಅವರು ಸುಮ್ಮನಿದ್ದರೂ ಆ ದಾರಿ ಅವರದೇ, ಬೇರೆಯವರು ಕಾಯಬೇಕು. ಮಾತನಾಡುವ ಮನುಷ್ಯರಿಗೆ ಇದು ಸರಿ. ಕಂಪ್ಯೂಟರುಗಳ ಸ್ವಭಾವ ಹಾಗಲ್ಲ. ಒಂದು ಕ್ಷಣ ಗಬಗಬನೆ ಮಾಹಿತಿ ಸುರಿದು, ಮರುಕ್ಷಣ ಮೌನವಾಗಿಬಿಡುತ್ತವೆ. ಅವುಗಳಿಗಾಗಿ ದಾರಿ ಕಾದಿರಿಸುವುದೆಂದರೆ ದಾರಿಯ ಬಹುಪಾಲು ವ್ಯರ್ಥ.

1960ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬಾರನ್, ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಪರಿಹಾರಕ್ಕೆ ಬಂದರು. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು, ಸಾಮಾನ್ಯ ದಾರಿಗೆ ಬಿಟ್ಟುಬಿಡುವುದು. ಕೂಡುದಾರಿಗಳಲ್ಲಿ ಕುಳಿತ ಯಂತ್ರಗಳು ವಿಳಾಸ ಓದಿ ಮುಂದಕ್ಕೆ ದಾಟಿಸುತ್ತವೆ. ಬಾರನ್‌ಗೆ ಇದ್ದ ಚಿಂತೆ ಅಣುಯುದ್ಧದ್ದು. ಒಂದು ಕೇಂದ್ರ ನಾಶವಾದರೂ ಸಂದೇಶ ಬೇರೆ ದಾರಿ ಹಿಡಿದು ಹೋಗಬೇಕೆಂಬುದು ಅವರ ಲೆಕ್ಕ. ಡೇವಿಸ್‌ಗೆ ಇದ್ದದ್ದು ದುಬಾರಿ ಕಂಪ್ಯೂಟರುಗಳನ್ನು ಹಲವರು ಹಂಚಿಕೊಳ್ಳುವ ಚಿಂತೆ. ಪೊಟ್ಟಣಕ್ಕೆ ‘ಪ್ಯಾಕೆಟ್’ ಎಂಬ ಹೆಸರಿಟ್ಟವರು ಡೇವಿಸ್. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಹೀಗೆ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರ ಹೋಗುವಷ್ಟರಲ್ಲಿ ಆಚೆಯ ಯಂತ್ರ ನಿಂತುಹೋಯಿತು. ಆರ್ಪಾನೆಟ್ ಎಂಬ ಜಾಲ ಹುಟ್ಟಿದ್ದು ಹಾಗೆ.

ದಾರಿ ಕಾದಿರಿಸುವ ಗೋಜು ತಪ್ಪಿತು ನಿಜ. ಆದರೆ ಅದರ ಜೊತೆಗೆ ಒಂದು ಭರವಸೆಯೂ ತಪ್ಪಿತು. ಕಾದಿರಿಸದ ದಾರಿಗೆ ಎಷ್ಟು ಮಂದಿ ಒಟ್ಟಿಗೆ ಬರುತ್ತಾರೆಂದು ಹೇಳುವವರು ಯಾರು? ಕೂಡುದಾರಿಯ ಯಂತ್ರದಲ್ಲಿ, ಅಂದರೆ ರೂಟರ್‌ನಲ್ಲಿ, ಪ್ಯಾಕೆಟ್‌ಗಳು ಸರದಿ ನಿಲ್ಲುತ್ತವೆ. ನಿಲ್ಲಲು ಇರುವ ಜಾಗ ತುಂಬಿದರೆ ಹೊಸದಾಗಿ ಬಂದ ಪ್ಯಾಕೆಟ್ಟನ್ನು ರೂಟರ್ ಎಸೆದುಬಿಡುತ್ತದೆ. ಕಳಿಸಿದವರಿಗೆ ಹೇಳಿ ಕಳಿಸುವ ಸೌಜನ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಇದನ್ನು ದೋಷವೆಂದು ಭಾವಿಸದೆ ತತ್ವವನ್ನಾಗಿ ಮಾಡಿಕೊಂಡದ್ದು ಇಂಟರ್ನೆಟ್ ರೂಪಿಸಿದವರ ಧೈರ್ಯ. ಫ್ರಾನ್ಸಿನ ಲೂಯಿ ಪೂಜೆನ್ 1970ರ ದಶಕದ ಆರಂಭದಲ್ಲಿ ‘ಸಿಕ್ಲಾಡ್’ ಎಂಬ ಜಾಲ ಕಟ್ಟುವಾಗ, ಜಾಲ ಯಾವ ಭರವಸೆಯನ್ನೂ ಕೊಡಬೇಕಾಗಿಲ್ಲ, ಕಳೆದುಹೋದದ್ದನ್ನು ತುಂಬಿಕೊಳ್ಳುವ ಹೊಣೆ ಎರಡು ತುದಿಯ ಕಂಪ್ಯೂಟರುಗಳದ್ದು ಎಂಬ ನಿಲುವು ತಾಳಿದರು. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಪ್ರಕಟಿಸಿದ ಯೋಜನೆ ಇದೇ ದಾರಿಯಲ್ಲಿ ಮುಂದುವರಿಯಿತು. ಅದರಿಂದ ಬೆಳೆದದ್ದೇ ಟಿಸಿಪಿ ಎಂಬ ನಿಯಮಾವಳಿ. 1983ರ ಜನವರಿ 1ರಂದು ಆರ್ಪಾನೆಟ್ಟಿನ ಕಂಪ್ಯೂಟರುಗಳೆಲ್ಲ ಹಳೆಯ ಪದ್ಧತಿ ಬಿಟ್ಟು ಟಿಸಿಪಿಗೆ ಬದಲಾದವು. ನಡುವಿನ ಜಾಲ ದಡ್ಡನಾಗಿಯೇ ಇರಲಿ, ತುದಿಗಳು ಜಾಣರಾಗಿರಲಿ ಎಂಬುದು ಈ ವ್ಯವಸ್ಥೆಯ ಸಾರ. ಯಾರ ಅಪ್ಪಣೆಯೂ ಇಲ್ಲದೆ ಹೊಸ ಹೊಸ ಬಳಕೆಗಳು ಇಂಟರ್ನೆಟ್ಟಿಗೆ ಬರಲು ಸಾಧ್ಯವಾದದ್ದು ಇದರಿಂದಲೇ. ದೂರವಾಣಿ ಕಂಪೆನಿಗಳ ಕೈಗೆ ಆ ಜಾಲ ಸಿಕ್ಕಿದ್ದರೆ ಕತೆ ಬೇರೆಯೇ ಆಗುತ್ತಿತ್ತು.

ಟಿಸಿಪಿಯ ಕೆಲಸ ರಿಜಿಸ್ಟರ್ಡ್ ಅಂಚೆಯ ಹಾಗೆ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆಯ ಲೆಕ್ಕ ಇರುತ್ತದೆ. ತಲುಪಿದೊಡನೆ ಆಚೆಯ ಕಂಪ್ಯೂಟರ್ ಒಂದು ಸ್ವೀಕೃತಿ ಚೀಟಿ ಹಿಂದಿರುಗಿಸುತ್ತದೆ. ಗೊತ್ತುಮಾಡಿಕೊಂಡ ಅವಧಿಯಲ್ಲಿ ಚೀಟಿ ಬಾರದಿದ್ದರೆ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಮತ್ತೊಮ್ಮೆ ಕಳಿಸಲಾಗುತ್ತದೆ. ಒಂದೊಂದೇ ಚೀಟಿಗೆ ಕಾಯುತ್ತ ಕೂತರೆ ಹೊತ್ತು ಹೋಗುತ್ತದಾದ್ದರಿಂದ, ಒಮ್ಮೆಗೆ ಎಷ್ಟು ಮಾಹಿತಿ ಕಳಿಸಬಹುದೆಂದು ಪಡೆಯುವ ಕಂಪ್ಯೂಟರ್ ಮೊದಲೇ ತಿಳಿಸುತ್ತದೆ. ತನ್ನ ಉಗ್ರಾಣದಲ್ಲಿ ಎಷ್ಟು ಜಾಗ ಇದೆಯೋ ಅಷ್ಟು.

ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಳಿಸುವವನ ಶಕ್ತಿ ಎಷ್ಟು ಎಂಬುದು ಗೊತ್ತು, ಪಡೆಯುವವನ ಉಗ್ರಾಣ ಎಷ್ಟು ದೊಡ್ಡದೆಂಬುದೂ ಗೊತ್ತು. ನಡುವಿನ ದಾರಿ ಎಷ್ಟು ಅಗಲ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

1980ರ ದಶಕದ ನಡುವಿನಲ್ಲಿ ಈ ಪ್ರಶ್ನೆ ತಲೆಯೆತ್ತಿತು. ಕಚೇರಿ, ಕಾಲೇಜುಗಳ ಒಳಗಿನ ಈಥರ್ನೆಟ್ ಜಾಲಗಳು ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುತ್ತಿದ್ದವು. ಅವುಗಳನ್ನು ಊರಿಂದೂರಿಗೆ ಜೋಡಿಸಿದ ತಂತಿಗಳ ಸಾಮರ್ಥ್ಯ 56,000 ಬಿಟ್. ನೂರ ಎಪ್ಪತ್ತು ಪಟ್ಟಿಗೂ ಮೀರಿದ ಅಂತರ. ಉಗ್ರಾಣ ಎಷ್ಟು ದೊಡ್ಡದೋ ಅಷ್ಟನ್ನೂ ಕಂಪ್ಯೂಟರುಗಳು ಒಂದೇ ಏಟಿಗೆ ಈ ಕಿರುದಾರಿಗೆ ಸುರಿಯುತ್ತಿದ್ದವು. ರೂಟರ್‌ನ ಮುಂದೆ ಸರದಿ ಉದ್ದವಾಗುತ್ತಿತ್ತು. ಸರದಿ ಉದ್ದವಾದಷ್ಟೂ ಸ್ವೀಕೃತಿ ಚೀಟಿ ತಡವಾಗುತ್ತಿತ್ತು. ತಡವಾದದ್ದನ್ನು ಕಳೆದುಹೋಯಿತೆಂದು ಬಗೆದು ಕಂಪ್ಯೂಟರ್ ಅದೇ ಪ್ಯಾಕೆಟ್ಟಿನ ಇನ್ನೊಂದು ಪ್ರತಿ ಕಳಿಸುತ್ತಿತ್ತು. ಮೊದಲಿನದೂ ಸರದಿಯಲ್ಲೇ ಇದೆ, ಈಗ ಅದರ ಬೆನ್ನಿಗೆ ನಕಲೂ ಬಂದು ನಿಂತಿತು. ಸರದಿ ಇನ್ನೂ ಉದ್ದ, ಚೀಟಿ ಇನ್ನೂ ತಡ, ನಕಲು ಇನ್ನೂ ಹೆಚ್ಚು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಒಮ್ಮೆ ಈ ಸುಳಿಗೆ ಸಿಕ್ಕ ಜಾಲ ತಾನಾಗಿ ಹೊರಬರುವಂತಿರಲಿಲ್ಲ.

ಹೀಗಾಗಬಹುದೆಂದು ಒಬ್ಬರು ಮೊದಲೇ ಬರೆದಿಟ್ಟಿದ್ದರು. ಫೋರ್ಡ್ ಏರೋಸ್ಪೇಸ್ ಕಂಪೆನಿಯಲ್ಲಿದ್ದ ಜಾನ್ ನೇಗಲ್ 1984ರ ಜನವರಿಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯಲ್ಲಿ ‘ದಟ್ಟಣೆಯ ಕುಸಿತ’ದ ವಿವರಣೆ ಪೂರ್ತಿ ಇದೆ. ಅವರ ಕಂಪೆನಿಯ ಸ್ವಂತ ಜಾಲ ಯಾವಾಗಲೂ ಅಂಚಿನವರೆಗೆ ತುಂಬಿರುತ್ತಿದ್ದುದರಿಂದ ಅವರಿಗೆ ಅದರ ಅನುಭವ ಆಗಿತ್ತು. ಆರ್ಪಾನೆಟ್‌ಗೆ ಇನ್ನೂ ಆಗಿಲ್ಲವೆಂದರೆ ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಸಾಮರ್ಥ್ಯ ಇರುವುದೇ ಕಾರಣ ಎಂದೂ ಅವರು ಹೇಳಿದ್ದರು. ಕೀಲಿಮಣೆಯ ಒಂದು ಗುಂಡಿ ಒತ್ತಿದರೆ ಒಂದು ಬೈಟ್ ಅಕ್ಷರಕ್ಕೆ 40 ಬೈಟ್ ವಿಳಾಸಪಟ್ಟಿ ಸೇರಿ 41 ಬೈಟ್‌ಗಳ ಪ್ಯಾಕೆಟ್ ಹೊರಡುವುದನ್ನು ಕಂಡು, ಅಂಥ ಕಿರುಪೊಟ್ಟಣಗಳನ್ನು ಒಟ್ಟುಗೂಡಿಸಿ ಕಳಿಸುವ ಉಪಾಯವನ್ನೂ ಸೂಚಿಸಿದ್ದರು. ಉಪಾಯ ಬಳಕೆಗೆ ಬಂತು. ಎಚ್ಚರಿಕೆಗೆ ಮಾತ್ರ ಅಷ್ಟು ಬೆಲೆ ಸಿಗಲಿಲ್ಲ. ಮನೆ ಸೋರುವವರೆಗೆ ಹೆಂಚಿನ ನೆನಪಾಗುವುದಿಲ್ಲವಷ್ಟೆ.

ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್ ಮತ್ತು ಕೆಳಗಿನ ವಿಶ್ವವಿದ್ಯಾಲಯದಲ್ಲಿದ್ದ ಮೈಕ್ ಕರೇಲ್ಸ್ ಈ ಕಗ್ಗಂಟನ್ನು ಬಿಡಿಸಲು ಕುಳಿತರು. ಕರೇಲ್ಸ್ ಇದ್ದದ್ದು ಬಿಎಸ್‌ಡಿ ಎಂಬ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಬೆಳೆಸುತ್ತಿದ್ದ ತಂಡದಲ್ಲಿ. ಕಾರ್ಯಾಚರಣ ವ್ಯವಸ್ಥೆ ಎಂದರೆ ಕಂಪ್ಯೂಟರಿನ ಯಂತ್ರಭಾಗಗಳನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ನಿಭಾಯಿಸುವ ಮೂಲ ತಂತ್ರಾಂಶ. ಟಿಸಿಪಿ ವಾಸಿಸುವುದು ಅದರೊಳಗೇ. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಇಂಟರ್ನೆಟ್ ಸೇರಿದ್ದ ಕಂಪ್ಯೂಟರುಗಳಲ್ಲಿ ಬಹಳಷ್ಟು ಬಿಎಸ್‌ಡಿಯಿಂದಲೇ ನಡೆಯುತ್ತಿದ್ದವು. ಹಾಗಾಗಿ ರೋಗ ಎಲ್ಲಿತ್ತೋ ಅಲ್ಲೇ ಮದ್ದು ಹಾಕುವ ಅವಕಾಶ ಈ ಇಬ್ಬರಿಗೆ ಇತ್ತು.

ಅವರು ಬಿಎಸ್‌ಡಿಯ ಟಿಸಿಪಿಗೆ ಏಳು ಹೊಸ ಸೂತ್ರಗಳನ್ನು ಸೇರಿಸಿದರು. ಎಲ್ಲದರ ಹಿಂದೆ ಇದ್ದದ್ದು ಸರಳವಾದ ಒಂದು ಭೌತಶಾಸ್ತ್ರದ ಯೋಚನೆ. ಹರಿವು ಸಮತೋಲದಲ್ಲಿದ್ದಾಗ ಜಾಲದಿಂದ ಒಂದು ಪ್ಯಾಕೆಟ್ ಹೊರಬಿದ್ದ ಮೇಲಷ್ಟೇ ಇನ್ನೊಂದು ಒಳಗೆ ಹೋಗಬೇಕು. ಹೊರಬಿದ್ದದ್ದು ತಿಳಿಯುವುದು ಹೇಗೆ? ಸ್ವೀಕೃತಿ ಚೀಟಿ ಬಂದಾಗ. ಚೀಟಿಗಳು ಬರುವ ಲಯವೇ ನಡುವಿನ ಕಿರುದಾರಿಯ ಲಯ. ಆ ತಾಳಕ್ಕೆ ಹೆಜ್ಜೆ ಹಾಕಿದರೆ ಬೇರೆ ಗಡಿಯಾರವೇ ಬೇಡ.

ಆದರೆ ಮೊದಲ ಚೀಟಿ ಬರುವ ಮುನ್ನ ತಾಳ ಎಲ್ಲಿಂದ ಬರಬೇಕು? ಅದಕ್ಕೊಂದು ‘ನಿಧಾನದ ಆರಂಭ’. ಮೊದಲು ಒಂದೇ ಪ್ಯಾಕೆಟ್ ಕಳಿಸು. ಚೀಟಿ ಬಂದರೆ ಎರಡು. ಆ ಎರಡಕ್ಕೂ ಬಂದರೆ ನಾಲ್ಕು, ಬಳಿಕ ಎಂಟು. ಹೆಸರು ನಿಧಾನವಾದರೂ ದುಪ್ಪಟ್ಟಾಗುತ್ತ ಹೋಗುವ ಈ ಲೆಕ್ಕ ಕ್ಷಣಮಾತ್ರದಲ್ಲಿ ದೊಡ್ಡದಾಗುತ್ತದೆ. ಒಮ್ಮೆಲೇ ಉಗ್ರಾಣದಷ್ಟು ಸುರಿಯುವುದಕ್ಕೆ ಹೋಲಿಸಿದರೆ ಮಾತ್ರ ಅದು ನಿಧಾನ.

ಚೀಟಿಗೆ ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕವನ್ನೂ ಅವರು ತಿದ್ದಿದರು. ಹಳೆಯ ಪದ್ಧತಿ ಸರಾಸರಿ ಅವಧಿಯನ್ನು ಮಾತ್ರ ಅಳೆದು ಅದರ ಎರಡರಷ್ಟು ಕಾಯುತ್ತಿತ್ತು. ಜಾಲ ಮೂರನೇ ಒಂದು ಭಾಗದಷ್ಟು ತುಂಬಿದರೂ ಸಾಕು, ಅವಧಿಯ ಏರುಪೇರು ಆ ಎರಡರಷ್ಟನ್ನು ಮೀರಿಬಿಡುತ್ತಿತ್ತು. ದಾರಿಯಲ್ಲೇ ಇದ್ದ ಪ್ಯಾಕೆಟ್ಟುಗಳನ್ನು ಸತ್ತವೆಂದು ಘೋಷಿಸುತ್ತಿದ್ದುದು ಇದೇ ಲೆಕ್ಕ. ಜೇಕಬ್ಸನ್ ಸರಾಸರಿಯ ಜೊತೆಗೆ ಏರುಪೇರನ್ನೂ ಅಳೆಯುವ, ಕಂಪ್ಯೂಟರಿಗೆ ಹೊರೆಯಾಗದ ಒಂದು ಅಗ್ಗದ ಸೂತ್ರ ಕೊಟ್ಟರು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯಿತು. ದಾರಿ ತುಂಬಿದೆಯೆಂದು ತುದಿಯ ಕಂಪ್ಯೂಟರಿಗೆ ಹೇಳುವವರು ಯಾರು? ಜಾಲ ದಡ್ಡ, ಅದು ಮಾತನಾಡುವುದಿಲ್ಲ. ಜೇಕಬ್ಸನ್ ಆ ಮೌನವನ್ನೇ ಮಾತಾಗಿ ಓದಿದರು. ತಂತಿಯಲ್ಲಿ ಪ್ಯಾಕೆಟ್ ಕೆಟ್ಟುಹೋಗುವುದು ನೂರಕ್ಕೆ ಒಂದಕ್ಕಿಂತಲೂ ಎಷ್ಟೋ ಕಡಿಮೆ. ಆದ್ದರಿಂದ ಪ್ಯಾಕೆಟ್ ಕಳೆಯಿತೆಂದರೆ ಎಲ್ಲೋ ಒಂದು ರೂಟರ್ ತುಂಬಿ ಚೆಲ್ಲಿದೆ ಎಂದೇ ಅರ್ಥ. ಹಾಗೆ ಕಳೆದಾಗ ಹಳೆಯ ಟಿಸಿಪಿ ಇನ್ನಷ್ಟು ಸುರಿಯುತ್ತಿತ್ತು. ಹೊಸ ಟಿಸಿಪಿ ತನ್ನ ಪಾಲನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು. ನಷ್ಟವಿಲ್ಲದಿದ್ದಾಗ ಒಂದೊಂದಾಗಿ ಏರಿಸುತ್ತ ದಾರಿಯನ್ನು ತಡವಿ ನೋಡಬೇಕು.

ಏರುವಾಗ ಒಂದೊಂದೇ ಮೆಟ್ಟಿಲು, ಇಳಿಯುವಾಗ ಅರ್ಧಕ್ಕರ್ಧ. ಈ ವಿಚಿತ್ರ ನಡೆಯೇ ಯಾಕೆ? ಇದರ ಗಣಿತಕ್ಕೆ ಬೆಂಗಳೂರಿನ ನಂಟಿದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪೆನಿಯಲ್ಲಿ ಅದೇ ಹೊತ್ತಿಗೆ ಇದೇ ಸಮಸ್ಯೆಯನ್ನು ಹಿಡಿದು ಕುಳಿತಿದ್ದವರು ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಸ್ನಾತಕೋತ್ತರ ವ್ಯಾಸಂಗ ಮಾಡಿ ಅಮೆರಿಕಕ್ಕೆ ಹೋದವರು ಇಬ್ಬರೂ. 1988ರಲ್ಲಿ ಜೇಕಬ್ಸನ್ ತಮ್ಮ ಪ್ರಬಂಧ ಮಂಡಿಸಿದ ಸಮ್ಮೇಳನದಲ್ಲೇ ಇವರ ಪ್ರಬಂಧವೂ ಮಂಡನೆಯಾಯಿತು. ಮರುವರ್ಷ ದಾ-ಮಿಂಗ್ ಚಿಯು ಜೊತೆ ಸೇರಿ ರಾಜ್ ಜೈನ್ ಪ್ರಕಟಿಸಿದ ಲೇಖನ ಏರಿಳಿತದ ನಾನಾ ಕ್ರಮಗಳನ್ನು ತೂಗಿನೋಡಿ, ಕೂಡುತ್ತ ಏರುವುದು ಮತ್ತು ಭಾಗಿಸುತ್ತ ಇಳಿಯುವುದೇ ಸರಿಯಾದ ಕ್ರಮವೆಂದು ತೋರಿಸಿತು.

ಲೆಕ್ಕ ಶಾಲೆಯ ಮಕ್ಕಳಿಗೂ ತಿಳಿಯುವಂಥದು. ಒಂದು ದಾರಿಯ ಸಾಮರ್ಥ್ಯ 100 ಎಂದುಕೊಳ್ಳೋಣ. ಮೊದಲೇ ಬಂದ ಕಂಪ್ಯೂಟರ್ 80 ಹಿಡಿದಿದೆ, ತಡವಾಗಿ ಬಂದದ್ದಕ್ಕೆ ಸಿಕ್ಕಿರುವುದು 20. ವ್ಯತ್ಯಾಸ 60. ದಾರಿ ತುಂಬಿ ನಷ್ಟವಾದಾಗ ಎರಡೂ ಅರ್ಧವಾಗುತ್ತವೆ: 40 ಮತ್ತು 10. ವ್ಯತ್ಯಾಸ 30ಕ್ಕೆ ಇಳಿಯಿತು. ಈಗ ಎರಡೂ ಒಂದೊಂದಾಗಿ ಏರಿ ತಲಾ 25 ಸೇರಿಸಿಕೊಂಡರೆ 65 ಮತ್ತು 35; ದಾರಿ ಮತ್ತೆ ಭರ್ತಿ. ಇನ್ನೊಮ್ಮೆ ಅರ್ಧವಾಗಿ ಏರಿದರೆ 57.5 ಮತ್ತು 42.5. ಪ್ರತಿ ಸುತ್ತಿಗೂ ಅಂತರ ಅರ್ಧವಾಗುತ್ತ ಕೆಲವೇ ಸುತ್ತಿನಲ್ಲಿ ಇಬ್ಬರ ಪಾಲೂ ಹೆಚ್ಚುಕಡಿಮೆ ಸಮ. ಒಬ್ಬರ ಪಾಲು ಎಷ್ಟೆಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ಪಂಚಾಯಿತಿ ಮಾಡುವವರೂ ಇಲ್ಲ. ಅದೇ ಏರುವಾಗಲೂ ದುಪ್ಪಟ್ಟಿನ ಲೆಕ್ಕ ಹಿಡಿದರೆ 80ಕ್ಕೆ 20ರ ತಾರತಮ್ಯ ಎಂದೆಂದಿಗೂ ಹಾಗೇ ಉಳಿಯುತ್ತದೆ. ಇಷ್ಟು ಪುಟ್ಟ ಗಣಿತದಿಂದ ಇಷ್ಟು ದೊಡ್ಡ ನ್ಯಾಯ ಹೊರಡುವುದು ಅಪರೂಪ.

ರಾಮಕೃಷ್ಣನ್ ಮತ್ತು ಜೈನ್ ಒಂದು ವಿಷಯದಲ್ಲಿ ಬರ್ಕ್ಲಿಯವರಿಗಿಂತ ಬೇರೆ ದಾರಿ ಹಿಡಿದಿದ್ದರು. ಪ್ಯಾಕೆಟ್ ಚೆಲ್ಲುವವರೆಗೆ ಯಾಕೆ ಕಾಯಬೇಕು? ಸರದಿ ಬೆಳೆಯತೊಡಗಿದಾಗಲೇ ರೂಟರ್ ಹಾದುಹೋಗುವ ಪ್ಯಾಕೆಟ್ಟಿನ ಮೇಲೆ ಒಂದು ಬಿಟ್‌ನಷ್ಟು ಗುರುತು ಹಾಕಿದರೆ ಸಾಕು. ಚೀಟಿಯ ಜೊತೆ ಗುರುತೂ ಹಿಂದಿರುಗುತ್ತದೆ. ಕಳಿಸುವವನು ಮುಂಚಿತವಾಗಿ ವೇಗ ತಗ್ಗಿಸುತ್ತಾನೆ. ಹೆಚ್ಚು ನಾಜೂಕಾದ ಉಪಾಯ ಇದೇ. ಆದರೆ ಅದಕ್ಕೆ ಎಲ್ಲ ರೂಟರ್‌ಗಳನ್ನೂ ಬದಲಿಸಬೇಕಿತ್ತು. ಜೇಕಬ್ಸನ್‌ರ ಮದ್ದಿಗೆ ತುದಿಯ ಕಂಪ್ಯೂಟರುಗಳನ್ನು ತಿದ್ದಿದರೆ ಸಾಕಿತ್ತು. ಉರಿಯುತ್ತಿರುವ ಮನೆಯಲ್ಲಿ ಕೈಗೆ ಸಿಕ್ಕ ಕೊಡವೇ ಒಳ್ಳೆಯ ಕೊಡ. 1988ರಲ್ಲಿ ಹೊರಬಂದ ಬಿಎಸ್‌ಡಿಯ ‘ತಾಹೊ’ ಆವೃತ್ತಿಯೊಂದಿಗೆ ಹೊಸ ಟಿಸಿಪಿ ಊರೂರಿಗೆ ಹರಡಿತು. ಅದರ ಮೂಲಬರಹ ಮುಕ್ತವಾಗಿ ಸಿಗುತ್ತಿದ್ದುದರಿಂದ ಬೇರೆ ಕಂಪೆನಿಗಳೂ ಅದನ್ನು ಎತ್ತಿಕೊಂಡವು. ಕುಸಿತ ನಿಂತಿತು.

ಭಾರತದಲ್ಲಿ ಅದೇ 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಯೋಜನೆ ಶುರುವಾಗಿತ್ತು. ಮುಂಬಯಿ ಮತ್ತು ದೆಹಲಿಯ ಸಂಸ್ಥೆಗಳು, ಐದು ಐಐಟಿಗಳ ಜೊತೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಬಂದದ್ದು ತಿದ್ದುಪಡಿಯಾದ ಟಿಸಿಪಿ. ಕಿರಿದಾದ ತಂತಿಗಳಲ್ಲಿ ಸಾವಿರಾರು ಜನ ಏಗಬೇಕಿದ್ದ ಆ ದಿನಗಳಲ್ಲಿ ಹಳೆಯದೇ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಈ ವ್ಯವಸ್ಥೆಯ ಒಂದು ಗುಣ ಗಮನಿಸಬೇಕಾದದ್ದು. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬವನಿರುತ್ತಿದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವನ ಅಧಿಕಾರ. ಇಂಟರ್ನೆಟ್ಟಿಗೆ ನೀರುಗಂಟಿ ಇಲ್ಲ. ಗದ್ದೆಯವರೆಲ್ಲ ತಾವಾಗಿಯೇ ತೂಬು ಅರ್ಧ ಮುಚ್ಚಿಕೊಳ್ಳುತ್ತಾರೆಂಬ ನಂಬಿಕೆಯ ಮೇಲೆ ಕೆರೆ ನಡೆಯುತ್ತಿದೆ. ಮುಚ್ಚದವನನ್ನು ಹಿಡಿಯುವ ಕಾನೂನಿಲ್ಲ, ದಂಡವಿಲ್ಲ. ಎಲ್ಲರೂ ಹಿಂದೆ ಸರಿಯುವಾಗ ಒಬ್ಬ ಸರಿಯದೆ ನಿಂತರೆ, ಉಳಿದವರು ಬಿಟ್ಟ ಜಾಗವೆಲ್ಲ ಅವನ ಪಾಲು. ಬಹುತೇಕ ಎಲ್ಲರೂ ನಿಯಮ ಪಾಲಿಸಿದ್ದಕ್ಕೆ ಸದ್ಗುಣಕ್ಕಿಂತ ಹೆಚ್ಚಿನ ಕಾರಣ, ಆ ನಿಯಮ ಕಾರ್ಯಾಚರಣ ವ್ಯವಸ್ಥೆಯ ಒಡಲಲ್ಲಿ ಅಡಗಿದ್ದುದು. ಸಾಮಾನ್ಯ ಬಳಕೆದಾರನಿಗೆ ಅದು ಇರುವುದೂ ಗೊತ್ತಿಲ್ಲ, ತಿದ್ದುವ ದಾರಿಯೂ ಗೊತ್ತಿಲ್ಲ.

ಆದರೂ ಕಿತಾಪತಿಗಳು ಇಲ್ಲದಿರಲಿಲ್ಲ. 1990ರ ದಶಕದ ನೆಟ್‌ಸ್ಕೇಪ್ ಬ್ರೌಸರ್ ಒಂದು ಪುಟ ತೆರೆಯಲು ಏಕಕಾಲಕ್ಕೆ ನಾಲ್ಕು ಸಂಪರ್ಕ ತೆರೆಯುತ್ತಿತ್ತು. ಟಿಸಿಪಿಯ ನ್ಯಾಯ ಸಂಪರ್ಕಕ್ಕೆ ಒಂದು ಪಾಲು, ಮನುಷ್ಯನಿಗೆ ಒಂದಲ್ಲ. ನಾಲ್ಕು ಚೀಲ ಹಿಡಿದು ನಿಂತವನಿಗೆ ನಾಲ್ಕು ಪಡಿ. ಇನ್ನೊಂದು ತಾರತಮ್ಯ ಆ ಸೂತ್ರದಲ್ಲೇ ಇದೆ. ಚೀಟಿ ಬಂದ ಮೇಲೆ ವೇಗ ಏರಿಸುವ ಪದ್ಧತಿಯಾದ್ದರಿಂದ ಚೀಟಿ ಬೇಗ ಬರುವ ಹತ್ತಿರದವನು ಬೇಗ ಏರುತ್ತಾನೆ, ದೂರದವನು ಹಿಂದೆ ಬೀಳುತ್ತಾನೆ. ನಾಲೆಯ ಕೊನೆಯ ಭಾಗದ ರೈತನ ಪಾಡು ಇಲ್ಲೂ ತಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಕಂಪ್ಯೂಟರಿನಿಂದ ಕಡತ ಇಳಿಸಿಕೊಳ್ಳುವ ಹುಬ್ಬಳ್ಳಿಯವನು ಅಲ್ಲಿನ ನೆರೆಯವನ ಜೊತೆ ಸ್ಪರ್ಧಿಸಿ ಗೆಲ್ಲಲಾರ. ದೊಡ್ಡ ಕಂಪೆನಿಗಳು ತಮ್ಮ ಮಾಹಿತಿಯ ಪ್ರತಿಗಳನ್ನು ದೇಶದೇಶಗಳ ದತ್ತಾಂಶ ಕೇಂದ್ರಗಳಲ್ಲಿ ಇಡತೊಡಗಿದ್ದಕ್ಕೆ, ಈಗ ‘ಕ್ಲೌಡ್’ ಎನ್ನುವ ವ್ಯವಸ್ಥೆ ಊರುಗಳ ಹತ್ತಿರಕ್ಕೆ ಬಂದುದಕ್ಕೆ ಇದೂ ಒಂದು ಕಾರಣ.

ಈ ನಂಬಿಕೆಯ ಕಾವಲಿಗೆ ನಿಂತವರಲ್ಲಿ ಸ್ಯಾಲಿ ಫ್ಲಾಯ್ಡ್ ಅವರ ಹೆಸರು ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ನಗರ ರೈಲು ಸಂಸ್ಥೆಯಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದು, ಬಳಿಕ ಓದಿಗೆ ಮರಳಿ 1989ರಲ್ಲಿ ಡಾಕ್ಟರೇಟ್ ಪಡೆದವರು ಅವರು. 1993ರಲ್ಲಿ ಜೇಕಬ್ಸನ್ ಜೊತೆ ಸೇರಿ, ಸರದಿ ಪೂರ್ತಿ ತುಂಬುವ ಮೊದಲೇ ರೂಟರ್ ಕೆಲವು ಪ್ಯಾಕೆಟ್‌ಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಎಸೆಯುವ ವಿಧಾನ ರೂಪಿಸಿದರು. ಹೆಚ್ಚು ಪ್ಯಾಕೆಟ್ ಕಳಿಸುವವನ ಪ್ಯಾಕೆಟ್ಟೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಬಳಿಕ ಅವರು ರಾಮಕೃಷ್ಣನ್ ಜೊತೆ ಕೈಜೋಡಿಸಿದರು. ಎಸೆಯುವ ಬದಲು ಗುರುತು ಹಾಕುವ ಆ ಹಳೆಯ ನಾಜೂಕಾದ ಉಪಾಯ 2001ರಲ್ಲಿ ಇಂಟರ್ನೆಟ್ಟಿನ ಅಧಿಕೃತ ನಿಯಮವಾಯಿತು. ನಿಯಮವಾದರೇನು, ಹಳೆಯ ಉಪಕರಣಗಳು ಕೆಲವು ಗುರುತು ಕಂಡ ಪ್ಯಾಕೆಟ್‌ಗಳನ್ನೇ ಎಸೆಯುತ್ತಿದ್ದುದರಿಂದ ವರ್ಷಗಟ್ಟಲೆ ಅದು ಮೂಲೆಗುಂಪಾಗಿತ್ತು. ಫ್ಲಾಯ್ಡ್ 2019ರಲ್ಲಿ ತೀರಿಕೊಂಡರು.

ನಡುವೆ ಇನ್ನೊಂದು ವಿಪರ್ಯಾಸ ನಡೆದುಹೋಯಿತು. ಮೆಮರಿ ಚಿಪ್‌ಗಳು ಅಗ್ಗವಾದವು. ಪ್ಯಾಕೆಟ್ ಕಳೆಯುವುದು ಕೆಟ್ಟದ್ದೆಂದು ತಿಳಿದ ತಯಾರಕರು ಮನೆಯ ಮೋಡೆಮ್, ರೂಟರ್‌ಗಳಲ್ಲಿ ಸರದಿ ನಿಲ್ಲುವ ಜಾಗವನ್ನು ಬೇಕಾಬಿಟ್ಟಿ ಹಿಗ್ಗಿಸಿದರು. ಪ್ಯಾಕೆಟ್ ಚೆಲ್ಲದೆ ಟಿಸಿಪಿ ಬ್ರೇಕ್ ಹಾಕುವುದಿಲ್ಲ. ಜಾಗ ಹೆಚ್ಚಿದ್ದರೆ ಚೆಲ್ಲುವುದು ತಡ. ಪರಿಣಾಮ, ಉದ್ದುದ್ದ ಸರದಿ. ಮನೆಯಲ್ಲಿ ಒಬ್ಬರು ದೊಡ್ಡ ಕಡತ ಕಳಿಸುತ್ತಿದ್ದರೆ ಇನ್ನೊಬ್ಬರ ಫೋನ್ ಮಾತು ತೊದಲುತ್ತದೆ. 2010ರಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲೇ ಇದನ್ನು ಕಂಡುಹಿಡಿದು ಸಾರಿದ ಮೇಲಷ್ಟೇ ಜನ ಎಚ್ಚೆತ್ತರು. ಒಳ್ಳೆಯದೆಂದು ಮಾಡಿದ ಕೆಲಸ ಎಚ್ಚರಿಕೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿತ್ತು.

ಮೂಲೆಗುಂಪಾದ ಗುರುತಿಗೆ ಮರುಹುಟ್ಟು ಸಿಕ್ಕಿದ್ದು ಕ್ಲೌಡ್ ಕಂಪೆನಿಗಳ ದತ್ತಾಂಶ ಕೇಂದ್ರಗಳಲ್ಲಿ. ಅಲ್ಲಿ ಸಾವಿರಾರು ಕಂಪ್ಯೂಟರುಗಳು ಒಂದೇ ಸೂರಿನಡಿ. ಒಂದು ಪದ ಹುಡುಕಲು ಕೇಳಿದರೆ ಪ್ರಶ್ನೆ ನೂರಾರು ಯಂತ್ರಗಳಿಗೆ ಹಂಚಿಹೋಗಿ, ಉತ್ತರಗಳೆಲ್ಲ ಒಂದೇ ಕ್ಷಣಕ್ಕೆ ಒಂದೇ ಬಾಗಿಲಿಗೆ ನುಗ್ಗುತ್ತವೆ. ಚಿತ್ರಮಂದಿರ ಬಿಟ್ಟಾಗಿನ ಗೇಟಿನ ಹಾಗೆ. 2010ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಗುರುತು ಬಿದ್ದ ಪ್ಯಾಕೆಟ್‌ಗಳು ಎಷ್ಟು ಪಾಲೆಂದು ಎಣಿಸಿ, ಅದಕ್ಕೆ ತಕ್ಕಷ್ಟೇ ವೇಗ ಇಳಿಸುವ ಟಿಸಿಪಿಯನ್ನು ಮುಂದಿಟ್ಟರು. ನೂರಕ್ಕೆ ಹತ್ತು ಗುರುತು ಬಿದ್ದರೆ ತುಸುವೇ ಇಳಿ, ಎಲ್ಲಕ್ಕೂ ಬಿದ್ದರೆ ಅರ್ಧಕ್ಕೆ ಇಳಿ. ಲಿನಕ್ಸ್, ವಿಂಡೋಸ್ ಸರ್ವರ್ ಎರಡರಲ್ಲೂ ಅದು ಸೇರಿತು. ಯಂತ್ರಗಳೆಲ್ಲ ಒಬ್ಬನೇ ಮಾಲೀಕನ ಸೊತ್ತಾದ್ದರಿಂದ ಅಲ್ಲಿ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ.

ಹೊರಗಿನ ಜಾಲದಲ್ಲಿ ಒಪ್ಪಿಸುವುದು ಸುಲಭವಲ್ಲ. 2016ರಲ್ಲಿ ಗೂಗಲ್ ಕಂಪೆನಿ ‘ಬಿಬಿಆರ್’ ಎಂಬ ಹೊಸ ಸೂತ್ರವನ್ನು ಪ್ರಕಟಿಸಿತು. ಅದರ ಕರ್ತೃಗಳಲ್ಲಿ ಒಬ್ಬರು ಅದೇ ವ್ಯಾನ್ ಜೇಕಬ್ಸನ್. ಪ್ಯಾಕೆಟ್ ಕಳೆದದ್ದನ್ನು ನೋಡದೆ, ದಾರಿಯ ಅಗಲವನ್ನೂ ಅದರ ಕನಿಷ್ಠ ಅವಧಿಯನ್ನೂ ನೇರ ಅಳೆದು ಅಷ್ಟೇ ವೇಗದಲ್ಲಿ ಕಳಿಸುವ ವಿಧಾನ ಇದು. ತಾವೇ ಮೂವತ್ತು ವರ್ಷ ಹಿಂದೆ ಕೊಟ್ಟ ಸೂತ್ರ ಹಳತಾಯಿತೆಂದು ಒಪ್ಪಿಕೊಂಡು ಇನ್ನೊಂದು ಕಟ್ಟಿದ ಜೇಕಬ್ಸನ್‌ರ ನಡೆ ದೊಡ್ಡದು. ಆದರೆ ನಷ್ಟವಾದಾಗ ಹಿಂದೆ ಸರಿಯುವ ಹಳಬರ ಪಕ್ಕದಲ್ಲಿ ಬಿಬಿಆರ್‌ನ ಮೊದಲ ಆವೃತ್ತಿ ಕೆಲವೆಡೆ ಪಾಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆಂದು ಬೇರೆ ಸಂಶೋಧಕರು ಅಳೆದು ತೋರಿಸಿದರು. ಕಂಪೆನಿ ನಂತರದ ಆವೃತ್ತಿಗಳಲ್ಲಿ ತಿದ್ದುಪಡಿಗೆ ತೊಡಗಿತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಜಗತ್ತೇ ಮನೆಯೊಳಗೆ ಕುಳಿತಾಗ ಜಾಲ ಮತ್ತೆ ಕುಸಿಯುತ್ತದೆಂಬ ಭಯ ಹುಟ್ಟಿತ್ತು. ಯುರೋಪಿನಲ್ಲಿ ನೆಟ್‌ಫ್ಲಿಕ್ಸ್ ತನ್ನ ಹರಿವನ್ನು ಕಾಲುಭಾಗ ತಗ್ಗಿಸಿತು. ಭಾರತದಲ್ಲೂ ವಿಡಿಯೊ ಕಂಪೆನಿಗಳು ಮೊಬೈಲ್‌ಗಳಿಗೆ ಕೆಲವು ವಾರ ಕಡಿಮೆ ಸ್ಪಷ್ಟತೆಯ ಚಿತ್ರ ಕಳಿಸಲು ಒಪ್ಪಿದವು. ಚಿತ್ರ ಮಸುಕಾಯಿತು, ಮಾತು ಅಲ್ಲಲ್ಲಿ ತುಂಡಾಯಿತು. 1986ರ ಕುಸಿತ ಮಾತ್ರ ಮರುಕಳಿಸಲಿಲ್ಲ.

ಈಗ ಆ ಬ್ರೇಕ್ ಇರುವ ಜಾಗವೇ ಬದಲಾಗುತ್ತಿದೆ. 2021ರಲ್ಲಿ ಅಧಿಕೃತ ನಿಯಮವಾದ ‘ಕ್ವಿಕ್’ ಎಂಬ ಪದ್ಧತಿ ಟಿಸಿಪಿಯ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಹೊರತೆಗೆದು ಬ್ರೌಸರ್‌ನಂಥ ತಂತ್ರಾಂಶಗಳ ಕೈಗೆ ಕೊಟ್ಟಿದೆ. ಹೊಸ ಸೂತ್ರವೊಂದು ಬಳಕೆಗೆ ಬರಲು ಹಿಂದೆ ಬಿಎಸ್‌ಡಿಯ ಹೊಸ ಆವೃತ್ತಿಗೆ ಕಾಯಬೇಕಿತ್ತು. ಈಗ ಬ್ರೌಸರ್ ಮತ್ತು ಸರ್ವರ್ ಎರಡನ್ನೂ ಹಿಡಿದಿರುವ ಕಂಪೆನಿಗೆ ಅದು ಕೆಲವು ದಿನಗಳ ಕೆಲಸ. ಎಷ್ಟು ವೇಗವಾಗಿ ಕಳಿಸಬೇಕು, ಯಾವಾಗ ಹಿಂದೆ ಸರಿಯಬೇಕೆಂದು ತೀರ್ಮಾನಿಸುವ ಆ ಸಾಲುಗಳನ್ನು ಕಂಪೆನಿಯ ಎಂಜಿನಿಯರುಗಳು ತಿದ್ದಿ, ಮುಂದಿನ ಅಪ್‌ಡೇಟಿನೊಂದಿಗೆ ಮೊಬೈಲಿಗೆ ಕಳಿಸುತ್ತಾರೆ.